ಕಾನೂನು ಕಾಲೇಜಿನ ಉಪನ್ಯಾಸ, ಮೂಟ್ ಕೋರ್ಟ್, ಸಭೆ, ಶಿಬಿರ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಮಿಸ್ಟರ್ ಶುರುವಾದರೆ ಕಾಲೇಜಿನ ನೋಟಿಸ್ ಬೋರ್ಡ್ ತುಂಬಿಹೋಗುತ್ತದೆ. ಅತಿಥಿ ಉಪನ್ಯಾಸ, ಮೂಟ್ ಕೋರ್ಟ್ (ಅಣಕು ನ್ಯಾಯಾಲಯದಲ್ಲಿ ವಾದ ಮಾಡುವ ಅಭ್ಯಾಸ) ಆಯ್ಕೆ, ಕಾನೂನು ಅರಿವು ಶಿಬಿರ, ಸಂಘದ ಸಭೆ, ಎಲ್ಲದಕ್ಕೂ ಒಂದೊಂದು ಚೀಟಿ. ಅದರ ಮುಂದೆ ನಿಂತವರು ನನ್ನನ್ನು ಕೇಳಿದ್ದು, ಪತ್ರ ಬರೆದು ಕೇಳಿದ್ದು, ಮೆಸೇಜಿನಲ್ಲಿ ಕೇಳಿದ್ದು ಎಲ್ಲ ಇಲ್ಲಿದೆ. ಭಾರತದಲ್ಲಿ ಮೂರು ವರ್ಷದ ಅಥವಾ ಐದು ವರ್ಷದ ಎಲ್‌ಎಲ್‌ಬಿ ಓದುತ್ತಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

## ಈಗಷ್ಟೇ ಸೇರಿದವರಿಗೆ

ಪರೀಕ್ಷೆಗೆ ಓದಿದರೆ ಸಾಕಲ್ವಾ? ಇವೆಲ್ಲ ಕಡ್ಡಾಯಾನಾ?

ಒಂದಷ್ಟು ಕಡ್ಡಾಯ, ಉಳಿದದ್ದು ನಿಮ್ಮ ಇಷ್ಟ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಪ್ರಾಯೋಗಿಕ ಪತ್ರಿಕೆಗಳೇ ನಾಲ್ಕಿವೆ. ಅದರಲ್ಲಿ ಒಂದು ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್‌ದು. ಅದರ 100 ಅಂಕ ಹೀಗೆ ಹಂಚಿಕೆಯಾಗುತ್ತದೆ: ಮೂರು ಮೂಟ್ ಕೋರ್ಟಿಗೆ 30, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ಕೂತು ನೋಡಿ ಬರೆದದ್ದಕ್ಕೆ 30, ವಕೀಲರು ಕಕ್ಷಿದಾರರ ಜೊತೆ ಮಾತಾಡುವುದನ್ನೂ ಕಾಗದಪತ್ರ ತಯಾರಿಸುವುದನ್ನೂ ನೋಡಿ ಡೈರಿ ಬರೆದದ್ದಕ್ಕೆ 30, ಮೌಖಿಕ ಪರೀಕ್ಷೆಗೆ 10.

ಉಪನ್ಯಾಸ, ಚರ್ಚಾ ಸ್ಪರ್ಧೆ, ಶಿಬಿರಗಳಿಗೆ ಅಂಕ ಇಲ್ಲದಿರಬಹುದು. ಆದರೆ ಪುಸ್ತಕದಲ್ಲಿ ಓದಿದ ಕಾನೂನು ಒಬ್ಬ ಮನುಷ್ಯನ ಜಮೀನು, ಕೂಲಿ, ಮಗುವಿನ ವಿಷಯವಾಗಿ ಕಣ್ಣಿಗೆ ಕಾಣುವುದು ಅಲ್ಲೇ. ಅದಕ್ಕೇ ಮೊದಲ ವರ್ಷದಿಂದಲೇ ಬನ್ನಿ ಅಂತ ನಾನು ಎಲ್ಲರ ಬೆನ್ನು ಹತ್ತುವುದು.

ಕಾರ್ಯಕ್ರಮಕ್ಕೆ ಹೋದರೆ ಕ್ಲಾಸ್ ತಪ್ಪುತ್ತೆ. ಹಾಜರಾತಿ ಏನಾಗುತ್ತೆ?

2008ರ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ 70 ಪ್ರತಿಶತ ಹಾಜರಾತಿ ಬೇಕು. ಮೂಟ್ ಕೋರ್ಟ್, ಟ್ಯುಟೋರಿಯಲ್, ಪ್ರಾಯೋಗಿಕ ತರಬೇತಿಗೂ ಅದೇ ಲೆಕ್ಕ. ಕಾಲೇಜಿನ ಪರವಾಗಿ ಬೇರೆ ಊರಿಗೆ ಸ್ಪರ್ಧೆಗೆ ಹೋಗುವುದಿದ್ದರೆ ಹೊರಡುವ ಮುಂಚೆಯೇ ಪ್ರಾಂಶುಪಾಲರಿಗೆ ಪತ್ರ ಕೊಟ್ಟು, ಅದರ ಪ್ರತಿ ಇಟ್ಟುಕೊಳ್ಳಿ. ಬಂದ ಮೇಲೆ ಕೊಡುತ್ತೇನೆ ಅಂದವರು ಸೆಮಿಸ್ಟರ್ ಕೊನೆಯಲ್ಲಿ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

ಅತಿಥಿ ಉಪನ್ಯಾಸದಲ್ಲಿ ಅರ್ಧ ಅರ್ಥವೇ ಆಗಲ್ಲ. ಸುಮ್ನೆ ಕೂತು ಎದ್ದು ಬರೋದಾ?

ಹಿಂದಿನ ದಿನ ಅರ್ಧ ಗಂಟೆ ಕೊಡಿ, ಸಾಕು. ಉಪನ್ಯಾಸ ಸಂವಿಧಾನದ ಮೂಲ ರಚನೆಯ ಬಗ್ಗೆ, ಅಂದರೆ ಸಂಸತ್ತು ತಿದ್ದುಪಡಿ ಮಾಡಿಯೂ ಅಳಿಸಲಾಗದ ತಿರುಳಿನ ಬಗ್ಗೆ ಅಂದುಕೊಳ್ಳಿ. ಕೇಶವಾನಂದ ಭಾರತಿ ಪ್ರಕರಣದ ಮುಖ್ಯ ಸಂಗತಿಗಳನ್ನಾದರೂ ನೋಡಿಕೊಂಡು ಹೋಗಿ: 13 ನ್ಯಾಯಮೂರ್ತಿಗಳು ಕೂತಿದ್ದರು, ವಾದ 68 ದಿನ ನಡೆಯಿತು, ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು, ಏಳಕ್ಕೆ ಆರರ ಬಹುಮತದಿಂದ. ಇಷ್ಟು ಗೊತ್ತಿದ್ದರೆ ಭಾಷಣಕಾರರು “ಆ ಒಂದು ಮತ” ಅಂದಾಗ ನಿಮಗೆ ತಟ್ಟನೆ ಹೊಳೆಯುತ್ತದೆ.

ಕೇಳುವಾಗ ಎಲ್ಲವನ್ನೂ ಬರೆದುಕೊಳ್ಳಲು ಹೋಗಬೇಡಿ. ಗೊತ್ತಿಲ್ಲದ ಪದ, ಕೇಸಿನ ಹೆಸರು, ಒಪ್ಪಿಗೆಯಾಗದ ಮಾತು, ಈ ಮೂರನ್ನು ಬರೆದುಕೊಳ್ಳಿ. ಒಪ್ಪಿಗೆಯಾಗದ ಮಾತಿನಿಂದಲೇ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ.

ಎದ್ದು ನಿಂತು ಪ್ರಶ್ನೆ ಕೇಳೋಕೆ ಭಯ. ತಪ್ಪಾದರೆ?

ಚೀಟಿಯಲ್ಲಿ ಬರೆದುಕೊಂಡು ಎದ್ದು ಓದಿ. ಹೆಸರು, ಯಾವ ವರ್ಷ, ಒಂದೇ ಪ್ರಶ್ನೆ. ಪೀಠಿಕೆ ಬೇಡ. ತಪ್ಪು ಪ್ರಶ್ನೆ ಕೇಳಿದ್ದಕ್ಕೆ ಯಾವ ಅತಿಥಿಯೂ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಸಭೆ ಪೂರ್ತಿ ಮೌನವಾಗಿದ್ದರೆ ಅವರ ಮುಖ ಸಪ್ಪಗಾದದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಬರದೆ ಇದರಲ್ಲೆಲ್ಲ ಸೇರಬಹುದಾ?

ಸೇರಲೇಬೇಕು. ಈ ಪ್ರಶ್ನೆ ಬಂದಾಗೆಲ್ಲ ನನಗೆ ಸಂಕಟವಾಗುತ್ತದೆ. ಕೇಳುವವರು ಹೆಚ್ಚಾಗಿ ಕಾನೂನನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರೇ ಆಗಿರುತ್ತಾರೆ, ಆದರೂ ಹಿಂದಿನ ಬೆಂಚು ಹಿಡಿದು ಕೂತಿರುತ್ತಾರೆ.

ಮೊದಲು ವಾಸ್ತವ ಹೇಳುತ್ತೇನೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಕಲಾಪ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ವಕೀಲರ ಪರಿಷತ್ತಿನ ನಿಯಮವೂ, ಪಾಠ ಮತ್ತು ಪರೀಕ್ಷೆ ಪ್ರಾದೇಶಿಕ ಭಾಷೆಯಲ್ಲಿ ಇದ್ದರೂ ಇಂಗ್ಲಿಷ್ ಒಂದು ಕಡ್ಡಾಯ ಪತ್ರಿಕೆ ಆಗಿರಬೇಕು ಅನ್ನುತ್ತದೆ. ಹಾಗಾಗಿ ಇಂಗ್ಲಿಷ್ ಕಲಿಯಿರಿ, ಅದನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕಬೇಡಿ.

ಆದರೆ ಕರ್ನಾಟಕದ ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷಿ ಬಾಯಿ ಬಿಡುವುದು ಬಹುತೇಕ ಕನ್ನಡದಲ್ಲೇ. “ಅವನು ನನ್ನ ಕಡೆ ದುರುಗುಟ್ಟಿ ನೋಡಿದ” ಅನ್ನುವುದಕ್ಕೂ “ನೋಡಿದ” ಅನ್ನುವುದಕ್ಕೂ ಇರುವ ಅಂತರ ಹಿಡಿಯುವುದು ಆ ಭಾಷೆಯಲ್ಲಿ ಬೆಳೆದವರು. ಶಿಬಿರದಲ್ಲಿ, ಕಕ್ಷಿದಾರರ ಜೊತೆ ಮಾತಿನಲ್ಲಿ, ಪಾಟಿ ಸವಾಲಿನಲ್ಲಿ ನಿಮ್ಮ ಕನ್ನಡವೇ ನಿಮ್ಮ ಬಲ. ಕಾಲೇಜಿನ ಒಳಗಿನ ಮೂಟ್ ಕೋರ್ಟನ್ನು ಕನ್ನಡದಲ್ಲೂ ನಡೆಸಿ ಅಂತ ಸಮಿತಿಗೆ ಅರ್ಜಿ ಕೊಡಿ. ಮೊದಲ ವಾದ ಕನ್ನಡದಲ್ಲಿ ಮಾಡಿದವರು ಮುಂದಿನದಕ್ಕೆ ಇಂಗ್ಲಿಷ್‌ನಲ್ಲಿ ಎದ್ದು ನಿಲ್ಲುತ್ತಾರೆ. ಒಮ್ಮೆ ದನಿ ಎತ್ತಿದ ಮೇಲೆ ಆ ಧೈರ್ಯ ಎಲ್ಲೂ ಹೋಗುವುದಿಲ್ಲ.

## ಮೂಟ್ ಕೋರ್ಟ್

ಮೂಟ್ ಕೋರ್ಟ್, ಮಾಕ್ ಟ್ರಯಲ್ ಎರಡೂ ಒಂದೇನಾ?

ಅಲ್ಲ. ಎರಡನ್ನೂ ಅಣಕು ನ್ಯಾಯಾಲಯ ಅಂತಲೇ ಕರೆಯುವುದರಿಂದ ಗೊಂದಲ. ಮೂಟ್ ಅಂದರೆ ಹಳೇ ಇಂಗ್ಲಿಷ್‌ನಲ್ಲಿ ಸಭೆ. ಅಲ್ಲಿ ಕೇಸಿನ ಸಂಗತಿಗಳು ಮೊದಲೇ ನಿಗದಿಯಾಗಿರುತ್ತವೆ, ಕಾನೂನಿನ ಪ್ರಶ್ನೆಯ ಮೇಲೆ ಮಾತ್ರ ವಾದ. ಮೇಲ್ಮನವಿ ನ್ಯಾಯಾಲಯದಂತೆ. ಮಾಕ್ ಟ್ರಯಲ್‌ನಲ್ಲಿ ಸಾಕ್ಷಿ ಕಟಕಟೆಗೆ ಬರುತ್ತಾರೆ, ಮುಖ್ಯ ವಿಚಾರಣೆ, ಪಾಟಿ ಸವಾಲು ಎಲ್ಲ ನಡೆಯುತ್ತದೆ. ಏನು ನಡೆಯಿತು ಅನ್ನುವುದೇ ಅಲ್ಲಿನ ಜಗಳ.

ಟೀಮಿಗೆ ಗೆಳೆಯರನ್ನೇ ಸೇರಿಸಿಕೊಳ್ಳೋದು ಒಳ್ಳೇದಲ್ವಾ?

ಗೆಳೆತನಕ್ಕಿಂತ ಸಮಯ ನೋಡಿ. ಸಾಮಾನ್ಯವಾಗಿ ಇಬ್ಬರು ವಾದ ಮಾಡುತ್ತಾರೆ, ಒಬ್ಬರು ಸಂಶೋಧಕರು. ಮೂವರೂ ದಿನಕ್ಕೆ ಒಂದು ಗಂಟೆ ಒಟ್ಟಿಗೆ ಕೂರಲು ಆಗುತ್ತದಾ ಅನ್ನುವುದೇ ಮುಖ್ಯ. ಸಂಶೋಧಕರ ಕೆಲಸ ಕಡಿಮೆಯದು ಅಂತ ಯಾರೂ ಭಾವಿಸಬೇಡಿ. ನ್ಯಾಯಾಧೀಶರು ಪ್ರಶ್ನೆ ಹಾಕಿದಾಗ ಸರಿಯಾದ ಪುಟ ತೆಗೆದು ಕೊಡುವುದು ಅವರೇ.

ಮೆಮೋರಿಯಲ್ (ಮೂಟ್ ಕೋರ್ಟಿಗೆ ಕೊಡುವ ಲಿಖಿತ ವಾದ) ಬರೆಯೋಕೆ ಎಲ್ಲಿಂದ ಶುರು ಮಾಡಲಿ?

ಕೊನೆಯಿಂದ ಶುರು ಮಾಡಿ. ಮೊದಲು ಪ್ರಾರ್ಥನೆ ಬರೆಯಿರಿ, ಅಂದರೆ ಕೋರ್ಟಿನಿಂದ ಏನು ಬೇಕು ಅನ್ನುವ ಭಾಗ. ಬಹಳ ಜನ ಇದನ್ನು ಸಲ್ಲಿಸುವ ಹಿಂದಿನ ರಾತ್ರಿ ಅಂಟಿಸುತ್ತಾರೆ. ಆಮೇಲೆ ನೋಡಿದರೆ ವಾದ ಒಂದು ದಾರಿ, ಪ್ರಾರ್ಥನೆ ಇನ್ನೊಂದು ದಾರಿ. ಏನು ಬೇಕು ಅನ್ನುವುದು ಗಟ್ಟಿಯಾದರೆ, ಅದನ್ನು ಕೊಡಲು ಕೋರ್ಟ್ ಯಾವ ವಿವಾದಾಂಶಗಳನ್ನು ತೀರ್ಮಾನಿಸಬೇಕು ಅನ್ನುವುದು ತಾನಾಗಿ ಕಾಣುತ್ತದೆ.

ಎರಡನೆಯದು ನ್ಯಾಯವ್ಯಾಪ್ತಿ. 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಬಂದಿದ್ದೀರಾ, 226ರ ಅಡಿ ಹೈಕೋರ್ಟಿಗಾ, 136ರ ವಿಶೇಷ ಅನುಮತಿ ಅರ್ಜಿಯಾ? 32 ಮೂಲಭೂತ ಹಕ್ಕಿಗೆ ಮಾತ್ರ. 226 ಬೇರೆ ಉದ್ದೇಶಗಳಿಗೂ ಅವಕಾಶ ಕೊಡುತ್ತದೆ. ಇದನ್ನು ತಪ್ಪಾಗಿ ಬರೆದರೆ ಮೊದಲ ನಿಮಿಷದಲ್ಲೇ ಸಿಕ್ಕಿಬೀಳುತ್ತೀರಿ.

ಆಮೇಲೆ ಸಂಗತಿ, ವಿವಾದಾಂಶ, ವಾದದ ಸಾರಾಂಶ, ವಾದ. ಸಂಗತಿಯ ಭಾಗದಲ್ಲಿ ವಾದ ತುರುಕಬೇಡಿ. ಉಲ್ಲೇಖಿಸುವ ತೀರ್ಪನ್ನು ತಲೆಟಿಪ್ಪಣಿಯಿಂದ (ಮೇಲೆ ಅಚ್ಚಾಗುವ ಸಾರಾಂಶದಿಂದ) ಅಲ್ಲ, ತೀರ್ಪಿನ ಪ್ಯಾರಾದಿಂದಲೇ ಓದಿ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಉಚಿತವಾಗಿ ಸಿಗುತ್ತವೆ, ಹಾಗಾಗಿ ದುಡ್ಡಿಲ್ಲ ಅನ್ನುವ ಕಾರಣ ಈಗ ಇಲ್ಲ.

ಮಾತಾಡ್ತಾ ಇರುವಾಗ ಜಡ್ಜ್ ತಡೆದು ಪ್ರಶ್ನೆ ಹಾಕಿದರೆ ಎಲ್ಲ ಮರೆತುಹೋಗುತ್ತೆ. ಏನು ಮಾಡಲಿ?

ಬಾಯಿಪಾಠ ಮಾಡಿದ್ದೀರಿ, ಅದಕ್ಕೇ ಮರೆಯುವುದು. ಒಬ್ಬ ಹುಡುಗ ನೆನಪಾಗುತ್ತಾನೆ. ಆರು ಪುಟದ ಭಾಷಣ ತಪ್ಪಿಲ್ಲದೆ ಹೇಳುತ್ತಿದ್ದ. ಅಂತಿಮ ಸುತ್ತಿನಲ್ಲಿ ಎರಡನೇ ನಿಮಿಷಕ್ಕೇ ಪ್ರಶ್ನೆ ಬಂತು: “ನಿಮ್ಮ ಎರಡನೇ ವಾದಕ್ಕೆ ಬನ್ನಿ, ಮೊದಲನೆಯದು ಬಿಡಿ.” ಅವನ ಬೆರಳು ಹಾಳೆಯ ಮೇಲೆ ಮೇಲಿಂದ ಕೆಳಗೆ ಓಡಿತು, ಮತ್ತೆ ಮೇಲಕ್ಕೆ ಬಂತು. ಎರಡನೇ ವಾದ ಎಲ್ಲಿ ಶುರುವಾಗುತ್ತದೆ ಅಂತ ಅವನಿಗೇ ಸಿಗಲಿಲ್ಲ. ಮುಂದಿನ ವರ್ಷ ಅದೇ ಹುಡುಗ ಒಂದೇ ಹಾಳೆ ಹಿಡಿದು ಬಂದ. ಅದರಲ್ಲಿ ಮೂರು ಸಾಲು, ಪಕ್ಕದಲ್ಲಿ ಪುಟದ ಸಂಖ್ಯೆ. ಮೆಮೋರಿಯಲ್‌ನ ಅಂಚಿಗೆ ಮೂರು ಬಣ್ಣದ ಚೀಟಿ ಅಂಟಿಸಿದ್ದ. ಎಲ್ಲಿಗೆ ಬನ್ನಿ ಅಂದರೂ ಅಲ್ಲಿಗೆ ಹೋಗುತ್ತಿದ್ದ.

ಪ್ರಶ್ನೆ ಬಂದ ತಕ್ಷಣ ಮಾತು ನಿಲ್ಲಿಸಿ. ಪೂರ್ತಿ ಕೇಳಿ. ಮೊದಲು “ಹೌದು” ಅಥವಾ “ಇಲ್ಲ” ಹೇಳಿ, ಆಮೇಲೆ ಕಾರಣ ಕೊಡಿ. “ಆ ವಿಷಯಕ್ಕೆ ಆಮೇಲೆ ಬರುತ್ತೇನೆ” ಅನ್ನಬೇಡಿ, ಕೇಳಿದ್ದು ಈಗ ಅಲ್ವಾ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡು ಮುಂದೆ ಹೋಗಿ. ಇಲ್ಲದ ತೀರ್ಪನ್ನು ಇದೆ ಅನ್ನುವುದು ಮಾತ್ರ ಕ್ಷಮೆಯಿಲ್ಲದ ತಪ್ಪು.

“ಮೈ ಲಾರ್ಡ್” ಅನ್ನಬೇಕಾ?

ಕಡ್ಡಾಯ ಅಲ್ಲ. ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿದೆ. ಸುಪ್ರೀಂ ಕೋರ್ಟ್, ಹೈಕೋರ್ಟಿನಲ್ಲಿ “ಯುವರ್ ಆನರ್” ಅಥವಾ “ಆನರಬಲ್ ಕೋರ್ಟ್”, ಕೆಳಗಿನ ನ್ಯಾಯಾಲಯಗಳಲ್ಲಿ “ಸರ್” ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕು. ಸ್ಪರ್ಧೆಯ ನಿಯಮಾವಳಿಯಲ್ಲಿ ಬೇರೆ ಸೂಚನೆ ಇದ್ದರೆ ಅದನ್ನು ಪಾಲಿಸಿ.

ಹೊಸ ಕ್ರಿಮಿನಲ್ ಕಾನೂನು ಬಂದ ಮೇಲೆ ಐಪಿಸಿ (ಹಳೇ ಭಾರತೀಯ ದಂಡ ಸಂಹಿತೆ) ಬಿಟ್ಟುಬಿಡಬಹುದಾ?

ಬಿಡಬೇಡಿ. ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಮೂರೂ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ. ಹಾಗಾಗಿ ಮೂಟ್ ಸಮಸ್ಯೆ ಕೈಗೆ ಬಂದ ಕೂಡಲೇ ಘಟನೆಯ ದಿನಾಂಕಕ್ಕೆ ಗೆರೆ ಎಳೆಯಿರಿ.

ಸೆಕ್ಷನ್ ಸಂಖ್ಯೆಗಳಲ್ಲೂ ಎಚ್ಚರ ಬೇಕು. ಕೊಲೆಗೆ ಶಿಕ್ಷೆ ಹೇಳುವ ಐಪಿಸಿಯ 302 ಈಗ ನ್ಯಾಯ ಸಂಹಿತೆಯ 103. ಎಲ್ಲರೂ ಎಡವುವುದು 482ರಲ್ಲಿ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಹೊಸ ಸುರಕ್ಷಾ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಬರೀ ಸಂಖ್ಯೆ ಹೇಳಿದರೆ ಯಾವ ಕಾನೂನಿನದು ಅಂತ ಕೇಳಿಯೇ ಕೇಳುತ್ತಾರೆ.

## ಕೋರ್ಟ್ ಭೇಟಿ ಮತ್ತು ಇಂಟರ್ನ್‌ಶಿಪ್

ಕೋರ್ಟಿಗೆ ಹೋದರೆ ಬರೀ ವಾಯಿದೆ ಕೊಡೋದೇ ಕಾಣುತ್ತೆ. ಏನಂತ ಬರೆಯಲಿ?

ವಾಯಿದೆಯನ್ನೇ ಬರೆಯಿರಿ. ಯಾರು ಕೇಳಿದರು, ಯಾಕೆ, ಎದುರಿನವರು ಆಕ್ಷೇಪಿಸಿದರಾ, ನ್ಯಾಯಾಧೀಶರು ಏನು ಷರತ್ತು ಹಾಕಿದರು, ಹಿಂದೆ ನಿಂತಿದ್ದ ಕಕ್ಷಿದಾರರ ಮುಖ ಹೇಗಾಯಿತು. ಇದೂ ಕಲಿಕೆಯೇ.

ಸಾಕ್ಷಿ ವಿಚಾರಣೆ ನೋಡಬೇಕೆಂದರೆ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ನೋಡಿ, ಕೇಸು ಯಾವ ಹಂತದಲ್ಲಿದೆ ಅಂತ ತಿಳಿದುಕೊಂಡು ಹೋಗಿ. ಸಾಕ್ಷಿ ಹೇಳಿದ ಮಾತು ದಾಖಲೆಗೆ ಇಳಿಯುವುದನ್ನು ಗಮನಿಸಿ. ಸಾಕ್ಷಿ ಉದ್ದಕ್ಕೆ ಏನೋ ಹೇಳುತ್ತಾರೆ, ನ್ಯಾಯಾಧೀಶರು ಎರಡು ಸಾಲಿನಲ್ಲಿ ಬರೆಸುತ್ತಾರೆ. ಆ ಎರಡು ಸಾಲಿನಲ್ಲಿ ಒಂದು ಪದ ಜಾರಿದರೂ ವಕೀಲರು ಎದ್ದು ನಿಲ್ಲುತ್ತಾರೆ. ಯಾಕೆಂದರೆ ಮೇಲ್ಮನವಿಯಲ್ಲಿ ಓದುವುದು ಬರೆದದ್ದನ್ನು ಮಾತ್ರ.

ಇಂಟರ್ನ್‌ಶಿಪ್ ಎಷ್ಟು ವಾರ? ಏನು ಹಾಕಿಕೊಂಡು ಹೋಗಬೇಕು?

ಮೂರು ವರ್ಷದ ಕೋರ್ಸಿಗೆ ಒಟ್ಟು ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ. ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಜಾಸ್ತಿ ಆಗಬಾರದು, ಹಾಗಾಗಿ ಎಲ್ಲವನ್ನೂ ಕೊನೇ ವರ್ಷಕ್ಕೆ ಉಳಿಸಿಕೊಂಡರೆ ಕಷ್ಟ. ವಕೀಲರ ಆಫೀಸು ಮಾತ್ರವಲ್ಲ, ಸ್ವಯಂಸೇವಾ ಸಂಸ್ಥೆ, ನ್ಯಾಯಾಂಗ, ಶಾಸಕಾಂಗ, ಕಂಪನಿ, ಸ್ಥಳೀಯ ಸಂಸ್ಥೆಗಳಲ್ಲೂ ಮಾಡಬಹುದು. ಒಂದು ಇಂಟರ್ನ್‌ಶಿಪ್ ಆದರೂ ವಿಚಾರಣಾ ನ್ಯಾಯಾಲಯದ ವಕೀಲರ ಹತ್ತಿರ ಮಾಡಿ ಅನ್ನುವುದು ನನ್ನ ಒತ್ತಾಯ.

ಉಡುಪು: ಬಿಳಿ ಅಥವಾ ಕಪ್ಪು ಪ್ಯಾಂಟು, ಬಿಳಿ ಶರ್ಟು, ಕಪ್ಪು ಟೈ, ಕಪ್ಪು ಕೋಟು, ಕಪ್ಪು ಶೂ. ಎಲ್ಲ ಹೊಂದಿಸಲು ಆಗದಿದ್ದರೆ ಬಿಳಿ ಪ್ಯಾಂಟು, ತುಂಬುತೋಳಿನ ಶರ್ಟು, ಮುಚ್ಚಿದ ಕಪ್ಪು ಶೂ ಇದ್ದರೂ ನಡೆಯುತ್ತದೆ ಅಂತ ನಿಯಮದಲ್ಲೇ ಇದೆ. ಕೋಟಿಲ್ಲ ಅಂತ ಮನೆಯಲ್ಲಿ ಕೂರಬೇಡಿ.

ದೆಹಲಿಗೆ ಹೋಗೋಕೆ ಆಗಲ್ಲ. ಸುಪ್ರೀಂ ಕೋರ್ಟಿನ ವಾದ ನೋಡೋಕೆ ದಾರಿ ಇದೆಯಾ?

ಇದೆ, ಮತ್ತು ಆ ದಾರಿ ತೆರೆಸಿದವರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿಯೂ ಇದ್ದರು. ಕೆಲವು ದಿನಗಳಲ್ಲಿ ಇಂಟರ್ನ್‌ಗಳನ್ನು ಕೋರ್ಟ್ ಹಾಲಿನೊಳಗೆ ಬಿಡುತ್ತಿರಲಿಲ್ಲ. ಅದನ್ನು ಪ್ರಶ್ನಿಸಿ, ನೇರ ಪ್ರಸಾರ ಬೇಕು ಅಂತ ಅವರು ಅರ್ಜಿ ಹಾಕಿದರು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಒಪ್ಪಿತು. 2022ರ ಸೆಪ್ಟೆಂಬರ್ 27ರಿಂದ ಸಂವಿಧಾನ ಪೀಠದ (ಐದು ಅಥವಾ ಹೆಚ್ಚು ನ್ಯಾಯಮೂರ್ತಿಗಳ ಪೀಠ) ಕಲಾಪ ನೇರ ಪ್ರಸಾರವಾಗುತ್ತಿದೆ. ಕರ್ನಾಟಕ ಹೈಕೋರ್ಟ್ ಕಲಾಪವನ್ನೂ ಹೀಗೆ ನೋಡಬಹುದು. ಶನಿವಾರ ಕಾಲೇಜಿನ ಪ್ರೊಜೆಕ್ಟರಿನಲ್ಲಿ ಹತ್ತು ಜನ ಕೂತು ಒಂದು ಗಂಟೆಯ ವಾದ ನೋಡಿ, ಮಧ್ಯೆ ನಿಲ್ಲಿಸಿ ಚರ್ಚೆ ಮಾಡಿ.

## ಕಾನೂನು ನೆರವು ಮತ್ತು ಅರಿವು ಶಿಬಿರ

ನಾವು ಇನ್ನೂ ವಿದ್ಯಾರ್ಥಿಗಳು. ಜನರಿಗೆ ಸಲಹೆ ಕೊಡಬಹುದಾ?

ವಕೀಲರ ಕಾಯ್ದೆ 1961ರ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ಹಾಗಾಗಿ “ಕೇಸು ಹಾಕಿ, ಗೆಲ್ಲುತ್ತೀರಿ” ಅಂತ ಹೇಳುವುದು ನಿಮ್ಮ ಕೆಲಸ ಅಲ್ಲ. ಕೇಳುವುದು, ಬರೆದುಕೊಳ್ಳುವುದು, ಕಾಗದಪತ್ರ ಜೋಡಿಸುವುದು, ಅರ್ಜಿ ತುಂಬಲು ನೆರವಾಗುವುದು, ಸರಿಯಾದ ಕಡೆ ಕಳಿಸುವುದು ನಿಮ್ಮ ಕೆಲಸ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೇ ಕಾನೂನು ಕಾಲೇಜುಗಳಲ್ಲಿ ನೆರವು ಕೇಂದ್ರ ಇರಬೇಕು ಅಂತ ಯೋಚಿಸಿದೆ.

ಒಮ್ಮೆ ಶಿಬಿರಕ್ಕೆ ಒಬ್ಬ ಅಜ್ಜಿ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಹಳೇ ನೋಟಿಸು, ಪಿಂಚಣಿ ಕಾಗದ, ಗಂಡನ ಮರಣ ಪ್ರಮಾಣಪತ್ರ ಎಲ್ಲ ಮಡಚಿಕೊಂಡು ಒಂದರೊಳಗೊಂದು ಸೇರಿದ್ದವು. ಇಬ್ಬರು ವಿದ್ಯಾರ್ಥಿನಿಯರು ನೆಲದ ಮೇಲೆ ಹರಡಿಕೊಂಡು ದಿನಾಂಕದ ಪ್ರಕಾರ ಜೋಡಿಸಿದರು, ಅಷ್ಟೇ. ಕಾನೂನು ಸೇವಾ ಸಮಿತಿಯ ವಕೀಲರು ಬಂದು ಐದು ನಿಮಿಷದಲ್ಲಿ ವಿಷಯ ಹಿಡಿದರು. “ಆಯ್ತವ್ವ, ಇದು ಆಗೋ ಕೆಲಸ” ಅಂದಾಗ ಅಜ್ಜಿ ಆ ಹುಡುಗಿಯರ ತಲೆ ಸವರಿದರು.

ಉಚಿತ ವಕೀಲರು ಯಾರಿಗೆ ಸಿಗ್ತಾರೆ? ಬಡವರಿಗೆ ಮಾತ್ರಾನಾ?

ಅಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಬಲಿಯಾದವರು, ವಿಪತ್ತಿಗೆ ಸಿಕ್ಕವರು, ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಮಿತಿ ಇದೆ, ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಈ ಐದು ಅಂಕಿಯನ್ನು ಶಿಬಿರದ ಬ್ಯಾನರಿನಲ್ಲಿ ಅತಿಥಿಗಳ ಹೆಸರಿಗಿಂತ ದೊಡ್ಡದಾಗಿ ಬರೆಸಿ.

ಶಿಬಿರ ಮಾಡಿದರೆ ಜನರೇ ಬರಲ್ಲ. ಯಾಕೆ?

ಕೂಲಿಯ ಹೊತ್ತಿನಲ್ಲಿ ಇಟ್ಟಿರುತ್ತೀರಿ, ಅದಕ್ಕೆ. ಸಂಜೆ ಇಡಿ. ವೇದಿಕೆ, ಹಾರ, ಸ್ವಾಗತ ಭಾಷಣ ಬಿಡಿ. “ಕಾನೂನು ಅರಿವು” ಅನ್ನುವುದರ ಬದಲು “ಜಮೀನು ಪಾಲು, ಜೀವನಾಂಶ, ಚೆಕ್ ಬೌನ್ಸ್ ಬಗ್ಗೆ ಕೇಳಬೇಕಾ? ಬನ್ನಿ” ಅಂತ ಬರೆದರೆ ಬರುತ್ತಾರೆ. ಒಬ್ಬೊಬ್ಬರೇ ಮಾತಾಡಲು ಸ್ವಲ್ಪ ಮರೆಯಾದ ಜಾಗ ಇರಲಿ. ಮನೆಯ ಕಷ್ಟವನ್ನು ಯಾರೂ ಮೈಕಿನಲ್ಲಿ ಹೇಳಿಕೊಳ್ಳುವುದಿಲ್ಲ.

ಲೋಕ ಅದಾಲತ್ (ರಾಜಿ ಮಾಡಿಸುವ ಜನತಾ ನ್ಯಾಯಾಲಯ) ನೋಡೋಕೆ ಹೋಗಬಹುದಾ? ಅಲ್ಲಿ ಕಲಿಯೋದು ಏನಿದೆ?

ಕಾನೂನು ಸೇವಾ ಸಮಿತಿಯ ಅನುಮತಿ ಕೇಳಿ ಹೋಗಿ. ರಾಜಿಯಾದರೆ ಆ ಆದೇಶಕ್ಕೆ ಸಿವಿಲ್ ಡಿಕ್ರಿಯ ಬಲ, ಅದರ ಮೇಲೆ ಮೇಲ್ಮನವಿ ಇಲ್ಲ, ಕೋರ್ಟಿನಲ್ಲಿದ್ದ ಕೇಸಾದರೆ ಕಟ್ಟಿದ ಶುಲ್ಕವೂ ವಾಪಸ್ಸು. ರಾಜಿಯಾಗದಿದ್ದರೆ ಕೇಸು ಮತ್ತೆ ಕೋರ್ಟಿಗೆ ಹೋಗುತ್ತದೆ. ಆದರೆ ಎಲ್ಲ ರಾಜಿಯೂ ನ್ಯಾಯವಾಗಿಯೇ ಇರುತ್ತದೆ ಅಂತ ನಂಬಿ ಬರಬೇಡಿ. ಕೈ ಸೋತವರು ಬೇಗ ಒಪ್ಪುತ್ತಾರಾ ಅನ್ನುವುದನ್ನು ಕಣ್ಣಿಟ್ಟು ನೋಡಿ, ಡೈರಿಯಲ್ಲಿ ಬರೆಯಿರಿ.

## ಸಭೆ ನಡೆಸುವವರಿಗೆ

ನಮ್ಮ ಸಂಘದ ಸಭೆ ಎರಡು ಗಂಟೆ ನಡೆಯುತ್ತೆ, ಏನೂ ತೀರ್ಮಾನ ಆಗಲ್ಲ.

ಮೂರು ದಿನ ಮುಂಚೆ ಕಾರ್ಯಸೂಚಿ ಕಳಿಸಿ. ಅದರಲ್ಲಿ “ಮೂಟ್ ಕೋರ್ಟ್ ಬಗ್ಗೆ ಚರ್ಚೆ” ಅಂತ ಬರೆಯಬೇಡಿ, “ಆಯ್ಕೆ ಸುತ್ತಿನ ದಿನಾಂಕ ನಿರ್ಧರಿಸುವುದು” ಅಂತ ಬರೆಯಿರಿ. ನಡಾವಳಿ ಪುಸ್ತಕದಲ್ಲಿ ಯಾರು ಏನಂದರು ಅನ್ನುವುದು ಬೇಡ. ಏನು ತೀರ್ಮಾನ, ಯಾರ ಹೊಣೆ, ಯಾವ ದಿನದೊಳಗೆ, ಇಷ್ಟೇ ಸಾಕು. ದುಡ್ಡಿನ ಲೆಕ್ಕ ಮಾತ್ರ ಪ್ರತಿ ಸಭೆಯಲ್ಲೂ ಓದಿ ಹೇಳಿ.

ಉಪನ್ಯಾಸಕ್ಕೆ ಯಾವ ದಿನ ಇಟ್ಟುಕೊಂಡರೆ ಒಳ್ಳೇದು?

ನವೆಂಬರ್ 9 ರಾಷ್ಟ್ರೀಯ ಕಾನೂನು ಸೇವೆಗಳ ದಿನ, 1995ರಲ್ಲಿ ಆ ದಿನವೇ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಜಾರಿಗೆ ಬಂದದ್ದು. ನವೆಂಬರ್ 26 ಸಂವಿಧಾನ ದಿನ, 1949ರಲ್ಲಿ ಸಂವಿಧಾನ ಅಂಗೀಕಾರವಾದ ದಿನ. ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಆದರೆ ಆ ದಿನಗಳಲ್ಲಿ ನ್ಯಾಯಾಧೀಶರಿಗೆ ಹತ್ತು ಕಡೆ ಕರೆ ಇರುತ್ತದೆ. ಅದೇ ವಾರದ ಬೇರೆ ದಿನ ಕೇಳಿ, ಆರಾಮವಾಗಿ ಕೂತು ಮಾತಾಡುತ್ತಾರೆ.

## ಸ್ವಲ್ಪ ಮುಂದೆ ಹೋದವರಿಗೆ

ಮೆಮೋರಿಯಲ್‌ಗೆ ಎಐ ಬಳಸಬಹುದಾ?

ಮೊದಲು ಸ್ಪರ್ಧೆಯ ನಿಯಮ ಓದಿ. ಅನುಮತಿ ಇದ್ದರೂ ಅದು ಕೊಟ್ಟ ಪ್ರತಿ ತೀರ್ಪನ್ನೂ ನೀವೇ ತೆರೆದು ಓದಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು ವಕೀಲರು 5,000 ಡಾಲರ್ ದಂಡ ಕಟ್ಟಬೇಕಾಯಿತು.

ಜೆಸಪ್ ಅಂತ ಹೇಳ್ತಾರಲ್ಲ, ಅದು ನಮ್ಮಂಥವರಿಗೆ ಸಿಗುವಂಥದ್ದಾ?

ಅದು ಅಂತರರಾಷ್ಟ್ರೀಯ ಕಾನೂನಿನ ಮೂಟ್, 1960ರಲ್ಲಿ ಶುರುವಾದದ್ದು. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಫಿಲಿಪ್ ಜೆಸಪ್ ಅವರ ಹೆಸರು ಇಟ್ಟಿದ್ದಾರೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1999 ಮತ್ತು 2013ರಲ್ಲಿ ಗೆದ್ದಿದೆ. ಮೊದಲ ಸಲವೇ ಅಲ್ಲಿಗೆ ಹಾರಬೇಡಿ. ಕಾಲೇಜಿನ ಒಳಗಿನದು, ಆಮೇಲೆ ರಾಜ್ಯಮಟ್ಟದ್ದು ಎರಡಾದರೂ ಮಾಡಿ. ಅಷ್ಟರಲ್ಲಿ ಹಿಂದಿನ ವರ್ಷಗಳ ಜೆಸಪ್ ಸಮಸ್ಯೆ ಒಂದನ್ನು ತೆಗೆದು, ವಿವಾದಾಂಶ ಬರೆಯುವ ಅಭ್ಯಾಸ ಮಾಡಿ.

ಇಂಟರ್ನ್‌ಶಿಪ್ ಮಾಡುವ ಕಡೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ?

ಸುಮ್ಮನಿರಬೇಡಿ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಉದ್ಯೋಗಿ ಅನ್ನುವ ಪದದೊಳಗೆ ತರಬೇತಿಯಲ್ಲಿ ಇರುವವರೂ ಬರುತ್ತಾರೆ, ಸಂಬಳ ಇರಲಿ ಬಿಡಲಿ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಹತ್ತು ಜನರಿಗಿಂತ ಕಡಿಮೆ ಇರುವ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು. ಮೆಸೇಜು ಅಳಿಸಬೇಡಿ. ನಂಬಿಕೆಯ ಒಬ್ಬ ಮೇಡಂ ಅಥವಾ ಸರ್‌ಗೆ ಅದೇ ದಿನ ಹೇಳಿ. ಸರ್ಟಿಫಿಕೇಟ್ ಹೋದರೆ ಇನ್ನೊಂದು ಸಿಗುತ್ತದೆ.

ಕೊನೇ ವರ್ಷದಲ್ಲಿದ್ದೀನಿ, ಒಂದರಲ್ಲೂ ಭಾಗವಹಿಸಿಲ್ಲ. ತಡ ಆಯ್ತಾ?

ಇಲ್ಲ, ಆದರೆ ಎಲ್ಲದಕ್ಕೂ ಕೈ ಹಾಕಬೇಡಿ. ಕಡ್ಡಾಯದ ಮೂರು ಮೂಟ್‌ಗಳನ್ನು ಕಾಟಾಚಾರಕ್ಕೆ ಮಾಡದೆ ಒಂದನ್ನಾದರೂ ಮನಸ್ಸಿಟ್ಟು ಮಾಡಿ. ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ಒಂದು ಕೇಸು ಆರಿಸಿಕೊಂಡು, ಅದರ ಪ್ರತಿ ವಾಯಿದೆಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ನಾಲ್ಕನೇ ಸಲ ಹೋಗುವಷ್ಟರಲ್ಲಿ ಬೆಂಚ್ ಗುಮಾಸ್ತರು ನಿಮ್ಮನ್ನು ಗುರುತು ಹಿಡಿದಿರುತ್ತಾರೆ, ಮುಂದಿನ ದಿನಾಂಕ ಯಾವುದು ಅಂತ ಅವರೇ ಹೇಳುತ್ತಾರೆ.